ಮೆಟ್ಟಿಲಿನಿಂದ ಗೋರಿಯವರೆಗಿನ ಹಾಡು

ಆರ್ಝೆಲ್ ಟನ್‌ಸ್ಟಾಲ್‌ನ ಹೆಸರು ಕೆತ್ತಿದ ಕಲ್ಲು ಗುರುವಾರವೇ ಬಂದು, ಮೌಂಟ್ ನೆಬೊ ಚರ್ಚಿನ ಅಂಗಳದಲ್ಲಿ, ಪಿಕಪ್ ಗಾಡಿಯ ಹಿಂಬದಿಯಲ್ಲಿ ಹಳೆಯ ಕಂಬಳಿ ಹೊದ್ದು ಮಲಗಿತ್ತು. ಬೂದುಬಣ್ಣದ ಗ್ರಾನೈಟು. ಹೆಸರು, ಹುಟ್ಟಿದ ಇಸವಿ, ಸತ್ತ ಇಸವಿ, ಅದರ ಕೆಳಗೆ ಒಂದು ಗಿಟಾರಿನ ಚಿತ್ರ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಅವನ ಗೋರಿಯ ತಲೆಗೆ ನಿಲ್ಲಿಸಬೇಕಿತ್ತು. ಮೆಂಫಿಸ್‌ನಿಂದ ಹಾಡುಗಾರರು ಬರುವವರಿದ್ದರು. ನಮ್ಮ ಹೆಂಗಸರು ಆಗಲೇ ಮೀನು ಹುರಿಯಲು ಮೆಕ್ಕೆಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಗೋರಿ ಎಲ್ಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದವನು ನಾನೇ.

ನನ್ನ ಹೆಸರು ವರ್ಟಿಸ್ ಗೋಲ್ಸ್ಟನ್. ಮೂವತ್ತೊಂದು ವರ್ಷ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿದೆ. ಅದರ ಜೊತೆಗೇ ಚರ್ಚಿನ ಹಿಂದಿನ ಸ್ಮಶಾನವನ್ನೂ ನೋಡಿಕೊಂಡೆ. ನಮ್ಮ ಹಿರಿಯರಲ್ಲಿ ಕಲ್ಲು ಹಾಕಿಸುವ ಶಕ್ತಿ ಇದ್ದವರು ಕಡಿಮೆ. ಸತ್ತವರು ಕೊನೆಯ ಸಲ ಮುಟ್ಟಿದ ವಸ್ತುವನ್ನು, ಅದು ನೀರು ಕುಡಿದ ಲೋಟವಿರಲಿ, ಔಷಧಿಯ ಸೀಸೆಯಿರಲಿ, ದೀಪದ ಬುಡ್ಡಿಯಿರಲಿ, ಒಡೆದು ಮಣ್ಣಿನ ಮೇಲಿಡುತ್ತಿದ್ದರು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಇದು ಇಂಥವರ ಗೋರಿ ಎಂದು ಊರಿನವರಿಗೆ ಅದರಿಂದಲೇ ತಿಳಿಯುತ್ತಿತ್ತು. ಮೂವತ್ತು ವರ್ಷದ ಹಿಂದೆ ಚರ್ಚಿಗೆ ಹುಲ್ಲು ಕತ್ತರಿಸುವ ಹೊಸ ಯಂತ್ರ ಬಂತು. ಗಾಜಿನ ಚೂರು ಬ್ಲೇಡಿಗೆ ಸಿಕ್ಕುತ್ತದೆಂದು ನಾನು ಹಿಂದಿನ ಸಾಲಿನ ಗೋರಿಗಳ ಮೇಲಿದ್ದುದನ್ನೆಲ್ಲ ಒಂದು ಶನಿವಾರ ಬಳಿದು ಹಾಕಿದೆ. ಏಳು ಕೈಗಾಡಿ ತುಂಬಿತು. ಹಳ್ಳಕ್ಕೆ ಸುರಿದೆ. ಮರುದಿನ ಪ್ರಾರ್ಥನೆಗೆ ಬಂದವರೆಲ್ಲ ಎಷ್ಟು ಚೊಕ್ಕಟವಾಯಿತು ಎಂದು ಬೆನ್ನು ತಟ್ಟಿದರು. ನಾನು ಏನು ಮಾಡಿದ್ದೇನೆಂದು ನನಗೆ ಹೊಳೆದದ್ದು, ಆರ್ಝೆಲ್‌ಗೆ ಕಲ್ಲು ಬರುತ್ತದೆ ಎಂಬ ಸುದ್ದಿ ಕೇಳಿದ ದಿನ.

ಕಲ್ಲು ತಂದವರು ಡೆಲ್ಮರ್ ಕ್ವಾರ್ಲ್ಸ್. ಮೆಂಫಿಸ್‌ನ ಶಾಲೆಯೊಂದರಲ್ಲಿ ಬ್ಯಾಂಡ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಬ್ಲೂಸ್ ಎಂಬ ನಮ್ಮ ಕಪ್ಪು ಜನರ ನೋವಿನ ಹಾಡುಗಳನ್ನು ಹಾಡಿ ಹೆಸರಿಲ್ಲದೆ ಮಣ್ಣಾದವರನ್ನು ಹುಡುಕಿ ಅವರ ಗೋರಿಗೆ ಕಲ್ಲು ನಿಲ್ಲಿಸುವ ಒಂದು ಸಂಘ ಅವರದು. ಆರ್ಝೆಲ್ ಬದುಕಿದ್ದಾಗ ಬಂದದ್ದು ಮೂರೇ ರೆಕಾರ್ಡು. "ಆ ಮೂರನ್ನ ಕೇಳಿ ಕೇಳಿ ಸವೆಸಿದೋರೇ ಆಮೇಲೆ ಸೋಲ್ ಅನ್ನೋ ಹೊಸ ಹಾಡು ಹಾಡಿ ದೇಶಕ್ಕೆಲ್ಲ ಗೊತ್ತಾದ್ರು" ಎಂದು ಕ್ವಾರ್ಲ್ಸ್ ಹೇಳುವಾಗ ಅವರ ಕೈ ತಾನಾಗಿ ಟೋಪಿಯತ್ತ ಹೋಗುತ್ತಿತ್ತು. ಆದರೆ ಅವರದೊಂದು ನಿಯಮವಿತ್ತು. ಗೋರಿ ಖಚಿತವಾಗದೆ ಕಲ್ಲು ನಿಲ್ಲಿಸುವುದಿಲ್ಲ. ಗೋರಿ ಸಿಗದಿದ್ದರೆ ಹೆದ್ದಾರಿಯ ಪಕ್ಕದಲ್ಲಿ ಹಾಕಿ ಹೋಗುತ್ತಾರೆ.

ಶುಕ್ರವಾರ ಬೆಳಿಗ್ಗೆ ನಾನು ಕಬ್ಬಿಣದ ಸಲಾಕೆ ಹಿಡಿದು, ಆರ್ಝೆಲ್ ಎಲ್ಲೋ ಮಲಗಿದ್ದ ಆ ಹಿಂದಿನ ಸಾಲನ್ನು ಚುಚ್ಚುತ್ತ ಹೋದೆ. ನಮ್ಮದು ಜೇಡಿ ನೆಲ. ಒಮ್ಮೆ ಅಗೆದು ಮುಚ್ಚಿದ ಜಾಗದಲ್ಲಿ ಮಣ್ಣು ಎಷ್ಟು ವರ್ಷವಾದರೂ ಮೊದಲಿನಂತೆ ಗಟ್ಟಿಯಾಗುವುದಿಲ್ಲ, ಸಲಾಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಹಾಗೆ ಇಳಿದ ಜಾಗ ಒಂಬತ್ತು ಸಿಕ್ಕವು, ಒಂದರ ಪಕ್ಕ ಒಂದು. ಒಂದೊಂದಕ್ಕೂ ಒಂದು ಗೂಟ ಹೊಡೆಯುತ್ತ ಬಂದೆ.

ಪಾದ್ರಿಗೆ ನೆರವಾಗುವ ಚರ್ಚಿನ ಡೀಕನ್, ಹಾರ್ವೆಲ್ ಬಾಯ್ಡ್, ಬೇಲಿಗೊರಗಿ ನೋಡುತ್ತಿದ್ದ. ಪ್ರಾರ್ಥನೆಯ ಹಾಡನ್ನು ಸಾಲು ಸಾಲಾಗಿ ಎತ್ತಿಕೊಟ್ಟು ಸಭೆಯಿಂದ ಹಾಡಿಸುವವನು ಅವನೇ. "ಒಂಬತ್ತು ಗುಂಡಿ, ಒಂದು ಕಲ್ಲು. ಚೀಟಿ ಎತ್ತೋಣವೇನಯ್ಯಾ?" ಎಂದ.

"ಬಾಯಿ ಮುಚ್ಕೊಂಡು ಆ ಗೂಟ ಕೊಡು ಡೀಕನ್."

"ಕೊಡ್ತೀನಪ್ಪಾ. ಆದ್ರೆ ಗೂಟಕ್ಕೆ ಹೆಸರು ಗೊತ್ತಿರಲ್ಲ. ಗೊತ್ತಿರೋ ಮುದುಕಿ ಒಬ್ಳೇ. ಆಕೆ ಹತ್ರ ಹೋಗೋಕೆ ನಿನಗೆ ಭಯ."

ಅದು ನಿಜ. ಆರ್ಝೆಲ್‌ನ ತಂಗಿ ಲುಟಿಶಾ ಪೆಗ್ಸ್ ನಮ್ಮ ಚರ್ಚಿನ ಮದರ್. ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು, ಬಿಳಿ ಉಡುಪಿನಲ್ಲಿ ಮುಂದಿನ ಬೆಂಚಿನ ತುದಿಗೆ ಕೂರುವವಳು. ಹರೆಯದಲ್ಲಿ ಅಣ್ಣನ ಜೊತೆ ಶನಿವಾರದ ಕುಣಿತದ ಮನೆಗಳಲ್ಲಿ ಬ್ಲೂಸ್ ಹಾಡಿದವಳೇ. ಆಮೇಲೆ ದೀಕ್ಷಾಸ್ನಾನ ಮಾಡಿಸಿಕೊಂಡು, ಚರ್ಚಿನವರಿಗೆ ಅದು ಸೈತಾನನ ಹಾಡೆಂದು, ಅದನ್ನೆಲ್ಲ ಬಿಟ್ಟಳು. ನಾವು ಚರ್ಚಿನ ಬೆಂಚಿನಲ್ಲಿ ಬ್ಲೂಸ್ ಗುನುಗಿದರೆ ಬೀಸಣಿಗೆಯ ಹಿಡಿಯಿಂದ ಬೆರಳಗಂಟಿಗೆ ಬಾರಿಸಿದ ಕೈ ಅದು. ಈಗ ಎಂಬತ್ತೊಂಬತ್ತು. ಕಣ್ಣಿಗೆ ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ.

ನಾನು ಹೋದಾಗ ಜಗಲಿಯ ಮೇಲೆ ಅಕ್ರೋಟಿನಂಥ ಪೆಕಾನ್ ಕಾಯಿ ಒಡೆಯುತ್ತ, ತಿರುಳನ್ನು ಬೆರಳಿನಲ್ಲೇ ತಡವಿ ಆರಿಸುತ್ತ ಕೂತಿದ್ದಳು.

"ವರ್ಟಿಸ್ ತಾನೇ? ಥೇಟ್ ನಿಮ್ಮಪ್ಪನ ಹಾಗೆ, ನೆಲದ ಮೇಲೆ ಸಿಟ್ಟಿರೋನ ತರ ತುಳೀತೀಯ. ಕೂತ್ಕೋ."

ನಾನು ಕೂರಲಿಲ್ಲ. "ಮದರ್, ಆರ್ಝೆಲ್ ಮಾಮನ ಗೋರಿ ಮೇಲಿಂದ ಗುರುತು ತೆಗೆದು ಬಿಸಾಕಿದೋನು ನಾನೇ. ಯಂತ್ರ ತಂದ ವರ್ಷ."

ಅವಳು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಪೊಳ್ಳೆಂದು ಎಸೆದಳು. "ಗೊತ್ತು. ಆಗ ಕಣ್ಣು ಚೆನ್ನಾಗಿತ್ತು ನನಗೆ. ಚರ್ಚಿನ ಅಡುಗೆಮನೆ ಕಿಟಕೀಲಿ ನಿಂತು ನೋಡಿದೆ. ಅವನು ಕೊನೇಲಿ ಕಾಫಿ ಕುಡಿದ ಬಟ್ಟಲು ನಿನ್ನ ಮೂರನೇ ಗಾಡೀಲಿ ಹೋಯ್ತು."

"ಮತ್ತೆ ಯಾಕೆ ಕೂಗಲಿಲ್ಲ?"

ಅವಳು ಇನ್ನೊಂದು ಕಾಯಿ ಒಡೆದಳು. ರಸ್ತೆಯಲ್ಲಿ ಹತ್ತಿ ತುಂಬಿದ ಲಾರಿಯೊಂದು ಹೋಯಿತು. "ಅಡುಗೆಮನೆ ತುಂಬ ಹೆಂಗಸರಿದ್ರು ಮಗಾ. ಆ ಬಟ್ಟಲು ಬಿಡು ಅಂದ್ರೆ, ಯಾರದು ಅಂತ ಕೇಳ್ತಿದ್ರು. ಆ ವರ್ಷವೇ ನನ್ನನ್ನ ಮದರ್ ಮಾಡಿದ್ದು. ಬ್ಲೂಸಿನ ಅಣ್ಣಂದು ಅನ್ನೋಕೆ ನಾಚಿಕೆ ಆಯ್ತು. ನೀನು ಗೊತ್ತಿಲ್ದೆ ಅಳಿಸ್ದೆ. ನಾನು ಗೊತ್ತಿದ್ದೂ ಸುಮ್ನಿದ್ದೆ. ಇಬ್ರಲ್ಲಿ ಯಾರು ಕ್ಷಮೆ ಕೇಳ್ಬೇಕು, ನೀನೇ ಹೇಳು."

ನಾನು ಜಗಲಿಯ ಅಂಚಿಗೆ ಕೂತೆ. ಒಂಬತ್ತು ಜಾಗ ಸಿಕ್ಕಿದ್ದನ್ನು ಹೇಳಿದೆ. ಹೆದ್ದಾರಿಯ ಮಾತನ್ನೂ ಹೇಳಿದೆ.

"ರಸ್ತೆ ಪಕ್ಕದ ಕಲ್ಲು ಕಾರುಗಳಿಗೆ" ಎಂದಳು. "ಎಷ್ಟನೇ ಗುಂಡಿ ಅಂತ ನಾನೂ ಎಣಿಸಿಟ್ಟಿಲ್ಲ. ಎಲ್ಲಿ, ನಿನ್ನ ಬೂಟು ಎಷ್ಟನೇ ನಂಬರು?"

"ಹನ್ನೆರಡು."

"ನಿಮ್ಮಪ್ಪಂದೂ ಅದೇ. ಅವತ್ತು ಹೆಣ ಹೊತ್ತೋರಲ್ಲಿ ಮುಂದಿದ್ದೋನು ಅವನೇ. ನಡಿ, ನನ್ನ ಕೋಟು ಕೊಡು."

ಹೆಣ ಹೊರುವಾಗ ಹಾಡಿನ ತಾಳದ ಒಂದೊಂದು ಏಟಿಗೆ ಒಂದೊಂದು ಹೆಜ್ಜೆ ಇಡುವುದು ಮೌಂಟ್ ನೆಬೊದ ಪದ್ಧತಿ. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಬೇಕು, ಅಷ್ಟು ನಿಧಾನ. ಹಾಡುವವರು ಉಸಿರೆಳೆದರೆ ಹೊತ್ತವರೂ ನಿಲ್ಲುತ್ತಾರೆ. ಹೀಗೆ ನಾನೇ ನಲವತ್ತು ಐವತ್ತು ಹೆಣ ಹೊತ್ತಿದ್ದೇನೆ. ಆದರೆ ಆರ್ಝೆಲ್ ಸತ್ತಾಗ ಆಗಿನ ಪಾದ್ರಿ, ಬ್ಲೂಸಿನವನಿಗೆ ದೇವರ ಹಾಡು ಇಲ್ಲ ಎಂದುಬಿಟ್ಟನಂತೆ. ಹೊತ್ತ ನಾಲ್ವರಿಗೆ ಕಾಲೆತ್ತಲು ತಾಳವಿಲ್ಲ. ಚರ್ಚಿನ ಹಿಂದಿನ ಮೆಟ್ಟಿಲಿನ ಮೇಲೆ ಪೆಟ್ಟಿಗೆ ಹೊತ್ತು ನಿಂತೇ ಇದ್ದರಂತೆ. ಆಗ ಲುಟಿಶಾ ಅಣ್ಣನದೇ ಹಾಡನ್ನು ಎತ್ತಿಕೊಂಡಳು. "ಗುಂಡಿ ತನಕ ಮಾತ್ರ, ಆಮೇಲೆ ಬಾಯಿ ಮುಚ್ಚಬೇಕು ಅಂದ ಪಾದ್ರಿ" ಎಂದು ದಾರಿಯಲ್ಲಿ ನನ್ನ ತೋಳು ಹಿಡಿದು ನಡೆಯುತ್ತ ಹೇಳಿದಳು. "ಹಾಡಿದ್ದು ಐದು ನುಡಿ. ಐದನೇದರ ಕೊನೇ ಮಾತಿಗೂ ಗುಂಡಿ ಸಿಗೋಕೂ ಸರಿಯಾಯ್ತು. ನನ್ನ ಪುಣ್ಯ, ಆರನೇದು ನನಗೆ ಬರ್ತಿರಲಿಲ್ಲ."

ಆ ಹಿಂದಿನ ಮೆಟ್ಟಿಲು ಇನ್ನೂ ಅದೇ.

ಕ್ವಾರ್ಲ್ಸ್‌ಗೆ ವಿಷಯ ತಿಳಿಸಿದೆವು. ಅವರ ಮೇಷ್ಟ್ರುತನ ಮೇಲೆದ್ದಿತು. "ಆ ಹಾಡು ರೆಕಾರ್ಡಿನಲ್ಲಿದೆ ಮದರ್. ಅಲ್ಲಿ ಮೂರೇ ನುಡಿ. ಒಂದು ನುಡಿಗೆ ನಲವತ್ತೆಂಟು ಏಟು. ಐದಕ್ಕೆ ಇನ್ನೂರ ನಲವತ್ತು. ನೀವು ಶ್ರಮ ತಗೋಬೇಡಿ, ಎಣಿಸಿದ್ರೆ ಆಯ್ತು."

"ಎಣಿಸಪ್ಪಾ" ಎಂದಳು ಮದರ್. ಅವಳಿಗೆ ಕುರ್ಚಿ ಹಾಕಿದೆವು.

ಕ್ವಾರ್ಲ್ಸ್ ಫೋನಿನಲ್ಲಿ ರೆಕಾರ್ಡು ಹಾಕಿದರು. ಅರ್ಧ ಶತಮಾನದ ಹಿಂದೆ ಸತ್ತವನ ದನಿ ಪೆಕಾನ್ ಮರದ ಕೆಳಗೆ ಕೇಳಿಸಿತು, ಹಿಂದೆ ಡ್ರಮ್ಮು. ನಾನು ಪಾದಕ್ಕೆ ಪಾದ ತಾಗಿಸುತ್ತ ಮೆಟ್ಟಿಲಿನಿಂದ ಹಿಂದಿನ ಸಾಲಿನತ್ತ ಹೊರಟೆ. ಮೂರು ನುಡಿ ಮುಗಿದ ಮೇಲೆ ಉಳಿದ ಎರಡನ್ನು ಕ್ವಾರ್ಲ್ಸ್ ಚಪ್ಪಾಳೆಯಲ್ಲಿ ಎಣಿಸಿದರು. ಇನ್ನೂರ ನಲವತ್ತಕ್ಕೆ ನಿಂತೆ. ಆರನೆಯ ಗೂಟಕ್ಕೂ ಏಳನೆಯ ಗೂಟಕ್ಕೂ ನಡುವೆ. ಸಲಾಕೆ ಊರಿದೆ. ಅದು ಒಂದು ಗೇಣೂ ಇಳಿಯಲಿಲ್ಲ. ಹುಟ್ಟಿದಾಗಿನಿಂದ ಯಾರೂ ಅಗೆಯದ ಜೇಡಿ.

ಮದರ್ ನಗುತ್ತಿದ್ದಳು. "ಆ ಡ್ರಮ್ಮಿನೋನು ನಮ್ಮಣ್ಣನ್ನ ಹಗ್ಗ ಹಾಕಿ ಕಟ್ಟಿದಾನೆ. ಆರ್ಝೆಲ್ ಹುಟ್ಟಿದ್ಮೇಲೆ ಒಂದು ದಿನಾನೂ ಎಣಿಸಿ ಹಾಡಿದೋನಲ್ಲ. ಮಾತು ಮುಗಿದ್ಮೇಲೆ ಸಾಲು ಮುಗೀತಿತ್ತು. ಏಳಿಸು ನನ್ನ."

"ಮದರ್," ಎಂದ ಡೀಕನ್ ಬಾಯ್ಡ್ ತಗ್ಗಿದ ದನಿಯಲ್ಲಿ, "ಚರ್ಚಿನ ಅಂಗಳ ಇದು. ನಾಳೆ ಜನ ಏನಂತಾರೋ."

"ಹಾರ್ವೆಲ್, ನೀನು ಹೋದ ವಾರ ಟ್ರಾಕ್ಟರ್ ಮೇಲೆ ಏನು ಹಾಡ್ತಿದ್ದೆ ಅಂತ ನಾಳೆ ಜನಕ್ಕೆ ಹೇಳ್ಲಾ? ಕಣ್ಣು ಹೋಗಿದೆ ನಂದು, ಕಿವಿಯಲ್ಲ."

ಡೀಕನ್ ತನ್ನ ಬೂಟು ನೋಡಿಕೊಂಡ.

ಅವಳನ್ನು ಮೆಟ್ಟಿಲಿನ ಮೇಲೆ ನಿಲ್ಲಿಸಿದೆ. ನಾನು ಮುಂದೆ, ಅವಳು ನನ್ನ ಹಿಂದೆ. ಎಡ ಭುಜದ ಮೇಲೆ ಅವಳ ಕೈ. ಒಂದು ಕಾಗೆಯೂ ಕೂಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಜಿನ್ನಿನ ಸದ್ದು ದೂರದಲ್ಲಿತ್ತು, ನಾಯಿ ಬೊಗಳುತ್ತಿತ್ತು. ಅದರ ನಡುವೆಯೇ ಅವಳು ಶುರುಮಾಡಿದಳು.

ಹಳ್ಳದ ನೀರು ಏರಿತಮ್ಮಾ, ಹೊಸ್ತಿಲ ತನಕ ಬಂತು...

ಮೊದಲ ಸಲ ಆ ಸಾಲು, ವರ್ಷಗಟ್ಟಲೆ ಬಳಸದ ಕೈಪಂಪಿನ ಹಾಗೆ, ಬರಿಯ ಗಾಳಿ ಎಳೆಯಿತು. ಅದೇ ಸಾಲು ಎರಡನೆಯ ಸಲ ಬಂದಾಗ ನೀರು ಬಂತು.

ಹಳ್ಳದ ನೀರು ಏರಿತಮ್ಮಾ, ಹೊಸ್ತಿಲ ತನಕ ಬಂತು,
ಕರೆಯದೆ ಬಂದ ನೆಂಟನೇ, ಕೆಸರಿನ ಬೂಟು ಹೊರಗೇ ಬಿಡು.

ಅವಳ ಬೆರಳು ನನ್ನ ಭುಜವನ್ನು ಒತ್ತಿದಾಗಲೆಲ್ಲ ನಾನು ಒಂದು ಪಾದ ಮುಂದಿಟ್ಟೆ. ಮೊದಲ ನುಡಿ ಕ್ವಾರ್ಲ್ಸ್‌ರ ಲೆಕ್ಕದಂತೆಯೇ ಸಾಗಿತು. ಎರಡನೆಯದರಲ್ಲಿ ನನ್ನ ಕಾಲು ಸಾಲು ಮುಗಿಯಿತೆಂದು ನಿಂತಿತು, ಬೆರಳು ನಿಲ್ಲಲಿಲ್ಲ. ಇನ್ನೆರಡು ಹೆಜ್ಜೆ. ಮೂರನೆಯದರಲ್ಲಿ ಒಂದು ಮಾತಿನ ನಡುವೆ ಅವಳು ಉಸಿರೆಳೆದು ತಡೆದಳು. ನಾನೂ ಕಾಲನ್ನು ಗಾಳಿಯಲ್ಲಿ ಹಿಡಿದು ನಿಂತೆ. ಆಗ ನನಗೆ ಭುಜದ ಮೇಲೆ ಭಾರ ಬಂದಂತಾಯಿತು. ನನ್ನ ಅಪ್ಪ ಇದೇ ಮಣ್ಣಿನ ಮೇಲೆ, ಇದೇ ಉಸಿರಿಗಾಗಿ, ಪೆಟ್ಟಿಗೆಯ ಮೂಲೆ ಹೊತ್ತು ಹೀಗೆಯೇ ಕಾದು ನಿಂತಿದ್ದನಲ್ಲ. ಒಬ್ಬ ಮನುಷ್ಯ ತನಗೆ ತೋಚಿದ ಹಾಗೆ ಎಳೆದು ಹಾಡಿದ ಒಂದು ಹಾಡು, ಅವನನ್ನು ಹೂಳಲು ಬೇಕಾದ ದೂರವನ್ನು ತನ್ನೊಳಗೆ ಕೂಡಿಟ್ಟುಕೊಂಡು ಇಷ್ಟು ವರ್ಷ ಒಬ್ಬ ಮುದುಕಿಯ ಗಂಟಲಲ್ಲಿ ಬಾಯಿ ಬಿಡದೆ ಕೂತಿತ್ತು. ನಾನು ಹಳ್ಳಕ್ಕೆ ಸುರಿಯಲಾಗದ ಗುರುತು ಅದೊಂದೇ.

ನಾಲ್ಕನೆಯ ನುಡಿಗೆ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಮಾತಿಲ್ಲ, ಎದೆಯೊಳಗಿನ ಗುಂಯ್ ಎನ್ನುವ ಸದ್ದು. ದೇವರ ಹಾಡಿಗೆ ಸಭೆ ಓಗೊಡುತ್ತದಲ್ಲ, ಅದು. ಡೀಕನ್ ಬಾಯ್ಡ್. ತಾನು ಹಾಡುತ್ತಿದ್ದೇನೆಂದು ಅವನಿಗೆ ತಿಳಿದಿತ್ತೆಂದು ನನಗನ್ನಿಸುವುದಿಲ್ಲ. ಕ್ವಾರ್ಲ್ಸ್ ಪಕ್ಕದಲ್ಲಿ ಪುಸ್ತಕ ಹಿಡಿದು ಬರುತ್ತಿದ್ದರು. ಪೆನ್ಸಿಲ್ ಎರಡನೆಯ ನುಡಿಯಲ್ಲೇ ನಿಂತುಹೋಗಿತ್ತು.

ಆರನೆಯ ಗೂಟ ದಾಟಿದೆವು. ಏಳನೆಯದೂ ದಾಟಿತು. ಐದನೆಯ ನುಡಿಯ ಕೊನೆಯ ಮಾತನ್ನು ಅವಳು ಎಷ್ಟು ಎಳೆದಳೆಂದರೆ, ಇನ್ನು ಉಸಿರಿಲ್ಲ ಎಂದುಕೊಂಡ ಮೇಲೂ ಬೆರಳು ನಾಲ್ಕು ಸಲ ಒತ್ತಿತು. ಆಮೇಲೆ ಬೆರಳು ಸುಮ್ಮನಾಯಿತು. ಎಂಟನೆಯ ಗೂಟ ನನ್ನ ಬೂಟಿನ ತುದಿಗೆ ತಾಗಿ ವಾಲಿತು.

ಸಲಾಕೆ ಊರಿದೆ. ಹಿಡಿಯ ತನಕ ಇಳಿಯಿತು.

ಕ್ವಾರ್ಲ್ಸ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು. "ಇಪ್ಪತ್ತೆರಡು ಕಲ್ಲು ನಿಲ್ಸಿದೀನಿ ಮದರ್," ಎಂದರು, "ಇವರ ಸಂಗೀತ ನನಗೆ ಗೊತ್ತು ಅಂದ್ಕೊಂಡಿದ್ದೆ."

ಅವಳು ನನ್ನ ಭುಜ ಬಿಟ್ಟು, ಬೂಟಿನ ತುದಿಯಿಂದ ಮಣ್ಣನ್ನು ಮೆಲ್ಲಗೆ ತಡವಿದಳು, ಮಲಗಿದವರ ಹಾಸಿಗೆಯ ಅಂಚು ಹುಡುಕುವಂತೆ.

"ಹಾರ್ವೆಲ್."

"ಹೇಳಿ ಮದರ್."

"ನಾನು ಇಲ್ಲೀ ತನಕ ತಂದೆ. ಇಲ್ಲಿಂದ ಮುಂದಕ್ಕೆ ಅವನಿಗೆ ಯಾರೂ ಏನೂ ಹಾಡಿಲ್ಲ. ದೇವರ ಹಾಡು ಒಂದು ಎತ್ತಿಕೊಡು."

ಡೀಕನ್ ಗೋರಿಯ ತಲೆಯ ಕಡೆ ಹೋಗಿ ನಿಂತ. ಶನಿವಾರಕ್ಕೆ ಕಾಯೋಣ ಎನ್ನುತ್ತಾನೆಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡು, ಪುಸ್ತಕವಿಲ್ಲದೆಯೇ ಮೊದಲ ಸಾಲನ್ನು ಹೇಳಿದ. ನಾವು ಮೂವರೂ ಅದನ್ನು ಎಳೆದು ಹಾಡಿದೆವು. ಎರಡನೆಯ ಸಾಲು ಹೇಳಿದ. ಜಿನ್ನಿನ ಊಟದ ಹೊತ್ತಾಗಿತ್ತೆಂದು ಕಾಣುತ್ತದೆ, ಆ ಸದ್ದು ನಿಂತಿತ್ತು. ಹಾಡು ಮುಗಿಯುವ ತನಕ ನಾನು ಸಲಾಕೆಯ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ಅದನ್ನು ಕೀಳಲು ಧೈರ್ಯವಾಗಲಿಲ್ಲ.