ತಳ ಹಿಡಿದ ಉಪ್ಪಿಟ್ಟು

"ಇಷ್ಟು ದೊಡ್ಡ ಹೊಟ್ಟೆ ತುಂಬ್ಸೋರು ಯಾರು?"

ಕೊನೆಯ ಪೆಟ್ಟು ಹಾಕಿ ಸುತ್ತಿಗೆ ಕೆಳಗಿಟ್ಟ ಕಮ್ಮಾರ ಕಾಳಾಚಾರಿ ಹಾಗೆ ಕೇಳಿದ. ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು. ನಾನು ಒಂದು ಕಬ್ಬಿಣದ ಬಾಣಲೆ. ಎರಡು ಕಿವಿ, ಗುಂಡನೆಯ ತಳ, ಒಂದು ಮಗು ಕಾಲು ಮಡಿಸಿ ಮಲಗುವಷ್ಟು ಅಗಲ. ಕುಲುಮೆಯ ಎದುರಿನ ಜಗಲಿಯಲ್ಲಿ ಸಂಜೆ ಹಿರಿಯರೊಬ್ಬರು ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಅರ್ಥ ತಿಳಿಯದಿದ್ದರೂ ಆ ಲಯ ನನ್ನ ಕಬ್ಬಿಣದೊಳಗೆ ಇಳಿಯಿತು.

ಅಲ್ಲಿಂದ ಗಾಡಿಯಲ್ಲಿ ಮಧುಗಿರಿ ಸೀಮೆಯ ಒಂದು ಶಾಲೆಗೆ ಬಂದೆ. ಪರದೇಶದಿಂದ ಹಡಗಿನಲ್ಲಿ ಬಂದ ಹಳದಿ ರವೆಯಿಂದ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕುತ್ತಿದ್ದ ಕಾಲ. ಡಬ್ಬದ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಅಪರೂಪಕ್ಕೆ ಈರುಳ್ಳಿ. ಅಡುಗೆ ಮಾಡುವವಳು ಹನುಮಕ್ಕ. ಮಧ್ಯಾಹ್ನದ ಗಂಟೆ ಹೊಡೆದರೆ ಮಕ್ಕಳು ತಟ್ಟೆಯನ್ನೋ ಮುತ್ತುಗದ ಎಲೆಯನ್ನೋ, ಅದೂ ಇಲ್ಲದವರು ಸ್ಲೇಟನ್ನೋ ಮುಂದಿಟ್ಟುಕೊಂಡು ಸಾಲಾಗಿ ಕೂತು, ಕಣ್ಣು ಮುಚ್ಚಿ ವಚನ ಹೇಳುತ್ತಿದ್ದರು. ಕೆಲವರು ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಅದೂ ಪ್ರಾರ್ಥನೆಯೇ ಎಂದು ನಾನು ತಿಳಿದೆ.

ಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಹಾಜರಿಯಲ್ಲಿ ಹೆಸರಿದ್ದ ಮಕ್ಕಳಿಗೆ ಮಾತ್ರ ಊಟ, ಮಿಕ್ಕಿದ್ದರಲ್ಲಿ ತುತ್ತೂ ಬೇರೆಯವರಿಗೆ ಹೋಗಬಾರದು. ಬಾಣಲೆಯ ತಳಕ್ಕೆ ಹತ್ತಿದ್ದು ಮಾತ್ರ ತಿಕ್ಕುವವರದು. ತಿಕ್ಕುವವಳೂ ಹನುಮಕ್ಕನೇ.

ಅವಳ ಮಗಳು ರಂಗಿಗೆ ಇನ್ನೂ ಶಾಲೆಗೆ ಸೇರುವ ವಯಸ್ಸಾಗಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ರವೆ ಬೆಂದು ಅರಳುವ ಹೊತ್ತಿಗೆ ಹನುಮಕ್ಕ ಹೊಸ್ತಿಲ ಕಡೆ ಒಮ್ಮೆ ನೋಡಿ, ಒಲೆಗೆ ಇನ್ನೊಂದು ಸೌದೆ ತಳ್ಳಿ, ಮಗುಚುವುದನ್ನು ನಿಲ್ಲಿಸಿಬಿಡುತ್ತಿದ್ದಳು. ನನ್ನ ತಳ ಕಾದು ಉರಿಯುತ್ತಿತ್ತು. ಅನ್ನ ದೇವರು ಎಂದು ಕೇಳುತ್ತಲೇ ಬಾಳಿದ ನನಗೆ ಅದು ಸಂಕಟ. ದೇವರನ್ನು ಬೇಕೆಂದೇ ಸುಡುತ್ತಿದ್ದಾಳೆ. ಸುಡದಿದ್ದರೆ ಹೊಸ್ತಿಲಲ್ಲಿರುವ ಮಗು ಉಪವಾಸ. ಯಾವುದು ಪಾಪವೆಂದು ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಎಲ್ಲರೂ ಎದ್ದುಹೋದ ಮೇಲೆ ತಳ ಕೆರೆದು, ಹಪ್ಪಳದಂಥ ಕಪ್ಪು ಚಕ್ಕೆಗಳನ್ನು ಮಗಳ ಅಂಗೈಗೆ ಹಾಕುತ್ತಿದ್ದಳು. ರಂಗಿ ಕುರುಕುರು ಅಗಿಯುತ್ತಿದ್ದರೆ ತಾಯಿ ಆ ಕಡೆ ನೋಡದೆ ಬೂದಿ ಹಾಕಿ ನನ್ನನ್ನು ತಿಕ್ಕುತ್ತಿದ್ದಳು.

ಹೆಡ್‌ಮೇಷ್ಟ್ರು ಶಿವನಂಜಯ್ಯ ಕೆಟ್ಟವರಲ್ಲ. "ದಿನಾ ಸೀಸ್ತೀಯಲ್ಲಮ್ಮ, ನಿನ್ನ ಗ್ಯಾನ ಎಲ್ಲಿರ್ತದೆ?" ಎಂದು ಕೇಳುತ್ತಿದ್ದರು. ಸೌದೆ ಹಸಿ ಎಂದೋ, ಒಲೆ ಸರಿಯಿಲ್ಲ ಎಂದೋ ಹೇಳಿ ಅವಳು ತಲೆ ತಗ್ಗಿಸುತ್ತಿದ್ದಳು. ಊರಿನಲ್ಲಿ 'ಸೀಕಲು ಹನುಮಕ್ಕ' ಎಂದೇ ಹೆಸರಾಯಿತು. ಮದುವೆ ಮನೆಯ ಅಡುಗೆಗೆ ಅವಳನ್ನು ಕರೆಯುವುದು ಬಿಟ್ಟರು. ಪಾಯಸವನ್ನೂ ಸೀಸುತ್ತಾಳೆ ಎಂದು ಬಾವಿಕಟ್ಟೆಯಲ್ಲಿ ನಗುತ್ತಿದ್ದರು. ಅವಳ ಕೈ ಎಂಥದೆಂದು ನನಗೊಬ್ಬನಿಗೆ ಗೊತ್ತಿತ್ತು.

ಕೊನೆಗೆ ರಂಗಿಯ ಹೆಸರು ಹಾಜರಿಗೆ ಸೇರಿತು. ಅಂದು ಹನುಮಕ್ಕ ಸೌದೆ ಹಿಂದಕ್ಕೆಳೆದು, ಕೈ ಬಿಡದೆ ಮಗುಚಿದಳು. ಹೂವಿನಂಥ ಉಪ್ಪಿಟ್ಟು. ಮಕ್ಕಳು ಮತ್ತೊಮ್ಮೆ ಹಾಕಿಸಿಕೊಂಡರು. ಸಾಲಿನಲ್ಲಿ ಕೂತ ರಂಗಿ ಮಾತ್ರ ತಟ್ಟೆ ತಳ್ಳಿದಳು.

"ನಂಗಿದು ಬ್ಯಾಡ. ಕರೀದು ಬೇಕು."

ಸಾಲಿಗೆ ಸಾಲೇ ನಕ್ಕಿತು. ಹನುಮಕ್ಕ ಒಳಗೆ ಬಂದು ನನ್ನ ಕಿವಿ ಹಿಡಿದು ನಿಂತಳು. ನಾನಿನ್ನೂ ಸುಡುತ್ತಿದ್ದೆ, ಅವಳು ಕೈ ತೆಗೆಯಲಿಲ್ಲ.

ಆಮೇಲೆ ರವೆ ಬರುವುದು ನಿಂತಿತು. ನನ್ನಲ್ಲಿ ಗಾರೆ ಕಲಸಿದರು, ಎಮ್ಮೆಗೆ ಕಲಗಚ್ಚು ಇಟ್ಟರು. ಶಾಲೆಗೆ ಗ್ಯಾಸ್ ಒಲೆ, ಕುಕ್ಕರ್, ಅನ್ನ ಸಾಂಬಾರು ಬಂದಾಗ ಯಾರೋ ನನ್ನನ್ನು ತಂದು ಹಿತ್ತಲಿನ ಬೇವಿನ ಬುಡದಲ್ಲಿ ಬೋರಲು ಹಾಕಿದರು. ಮಕ್ಕಳು ವಚನ ಹೇಳುವುದು ಅಲ್ಲಿಗೂ ಕೇಳುತ್ತಿತ್ತು. ತುಕ್ಕು ಹಿಡಿದರೂ ಅಷ್ಟು ಸಾಕೆಂದುಕೊಂಡಿದ್ದೆ.

ಮೊನ್ನೆ ಹಳೆಯ ವಿದ್ಯಾರ್ಥಿಗಳು ಸೇರಿದರು. ತಲೆ ನರೆತವರು ನನ್ನನ್ನು ಹೊರಳಿಸಿ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿದರು. "ನಿನ್ನ ಹೊಟ್ಟೆಗಿಂತ ಸಣ್ಣದೇ ಕಣೋ ಇದು" ಎಂದು ಒಬ್ಬ ಇನ್ನೊಬ್ಬನನ್ನು ಕೆಣಕಿದ. ಈಗಿನ ಉಪ್ಪಿಟ್ಟಿಗೆ ಗೋಡಂಬಿ, ತುಪ್ಪ ಸುರಿದರೂ ಅಂದಿನ ಆ ರುಚಿ ಬರುವುದಿಲ್ಲವಂತೆ, ಆ ಸುಟ್ಟ ಘಮ ಬರುವುದಿಲ್ಲವಂತೆ. ಅದು ಹಡಗಿನ ರವೆಯ ಗುಣ ಎಂದ ಒಬ್ಬ. ಡಬ್ಬದ ಎಣ್ಣೆಯದು ಎಂದ ಮತ್ತೊಬ್ಬ. ಮೂರು ಕಲ್ಲು ಹೂಡಿ, ಸೌದೆ ಒಟ್ಟಿ, ನನ್ನನ್ನು ಏರಿಸಿದರು. ಇನ್ನೊಮ್ಮೆ ಬೆಂಕಿ ಕಾಣುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ.

ತುಮಕೂರಿನಲ್ಲಿ ನರ್ಸ್ ಆಗಿರುವ ರಂಗಿ ತಾಯಿಯನ್ನು ಕಾರಿನಲ್ಲಿ ಕರೆತಂದಿದ್ದಳು. ಹನುಮಕ್ಕನಿಗೆ ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದರು. ರಂಗಿ ಅವಳ ಮೊಣಕಾಲ ಬಳಿ ಕೂತಳು.

"ಅವ್ವಾ, ಒಂದೇ ಒಂದ್ಸಲ. ಮಗುಚೋದು ನಾವು, ನೀನು ಕೂತು ಹೇಳು ಸಾಕು. ಅದೇ ಥರ ತಳ ಹಿಡೀಬೇಕು. ಅದನ್ನ ನೀನೇ ಕೆರೆದು ನನ್ನ ಕೈಗೆ ಹಾಕ್ಬೇಕು. ಅಂಥ ರುಚಿ ಆಮೇಲೆ ನಾನು ಎಲ್ಲೂ ಕಂಡಿಲ್ಲ."

ಯಾರೋ ಕಡ್ಡಿ ಗೀರಿದರು. ಹನುಮಕ್ಕ ಬಗ್ಗಿ ನನ್ನೊಳಗೆ ನೋಡಿದಳು. ಆಮೇಲೆ ಮಗಳನ್ನು ನೋಡಿದಳು, ಕಣ್ಣು ತಪ್ಪಿಸದೆ.

"ಪಾಯಸ ಕೇಳು, ಮಾಡ್ತೀನಿ. ಒಬ್ಬಟ್ಟು ಕೇಳು, ಮಾಡ್ತೀನಿ. ಸೀದದ್ದನ್ನ ಮಾತ್ರ ಇನ್ನ ನಿನ್ನ ಕೈಗೆ ಹಾಕಕಿಲ್ಲ ಕಣೇ."