ನಂಬದೆ ಹೋದ ಅಳತೆ

ಯರಗುಪ್ಪಿಯ ಬಳಿ ಹಳ್ಳದ ಸೇತುವೆಯ ಕಂಬಕ್ಕೆ ಒಂದು ಅಳತೆಪಟ್ಟಿ ಬಡಿದಿದ್ದಾರೆ. ಅದನ್ನು ನೋಡಿ, ನೀರು ಎಷ್ಟಿದೆ ಎಂದು ತಾಸಿಗೊಮ್ಮೆ ಮೊಬೈಲಿನಲ್ಲಿ ಕಳಿಸುವುದು ಮುದುಕ ಶರೀಫಸಾಬರ ಕೆಲಸ. ಧಾರವಾಡದ ಪ್ರವಾಹ ಮುನ್ಸೂಚನೆ ಕಚೇರಿಯಲ್ಲಿ ಕೂತ ರೋಹಿಣಿ ಆ ಅಂಕಿಯನ್ನು ತನ್ನ ಗಣಿತದ ಮಾದರಿಗೆ ಸೇರಿಸುತ್ತಿದ್ದಳು. ಮಳೆಯ ಲೆಕ್ಕದಿಂದ ಮಾದರಿ ಪ್ರವಾಹವನ್ನು ಊಹಿಸುತ್ತಿತ್ತು. ಹಳ್ಳದಿಂದ ಬಂದ ಅಳತೆ ಆ ಊಹೆಯನ್ನು ತಿದ್ದುತ್ತಿತ್ತು. ಎಷ್ಟು ತಿದ್ದಬೇಕೆಂಬುದು ಅಳತೆಯನ್ನು ಎಷ್ಟು ನಂಬಬಹುದು ಎಂಬುದರ ಮೇಲಿತ್ತು.

ಹೋದ ವರ್ಷ ಶರೀಫಸಾಬರು ಜ್ವರ ಬಂದು ನಾಲ್ಕು ದಿನ ಮನೆಯಲ್ಲೇ ಮಲಗಿ, ಅಂದಾಜಿನ ಅಂಕಿ ಕಳಿಸಿದ್ದರು. ರೋಹಿಣಿ ಪತ್ತೆಹಚ್ಚಿ ಫೋನ್ ಮಾಡಿದಾಗ ಅವರು ಮುಚ್ಚಿಡಲಿಲ್ಲ.

"ತಪ್ಪಾತ್ರಿ ಬಾಯಾರ. ಇನ್ನ ಹಂಗ ಆಗಂಗಿಲ್ಲ."

ಆಮೇಲೆ ಅವರು ಒಂದು ತಾಸೂ ತಪ್ಪಿಸಲಿಲ್ಲ. ಆದರೆ ಅವತ್ತೇ ರೋಹಿಣಿ ಯರಗುಪ್ಪಿಯ ಅಳತೆಗೆ ಮಾದರಿಯಲ್ಲಿದ್ದ ತೂಕವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದ್ದಳು. ಮತ್ತೆ ಏರಿಸಲಿಲ್ಲ.

ಈ ಆಗಸ್ಟಿನಲ್ಲಿ ಒಂದು ದಿನ ಮಧ್ಯಾಹ್ನ ಮೂರಕ್ಕೆ 'ಐದೂವರೆ ಮೀಟರ್' ಎಂದು ಸಂದೇಶ ಬಂತು. ಮಾದರಿ ಮೂರು ಎನ್ನುತ್ತಿತ್ತು. ಹತ್ತಿರದ ಮಳೆಮಾಪನ ಕೇಂದ್ರವಾದ ಕುಂದಗೋಳದಲ್ಲಿ ಅಷ್ಟು ಮಳೆಯೇ ದಾಖಲಾಗಿರಲಿಲ್ಲ. ಸುರಿದದ್ದು ಮಳೆ ಅಳೆಯುವ ಸಾಧನವಿಲ್ಲದ ಮೇಲಿನ ಹೊಲಗಳಲ್ಲಿ ಎಂದು ತಿಳಿದದ್ದು ಆಮೇಲೆ. ಮುದುಕ ಓದುವುದರಲ್ಲಿ ಎಡವಿದ್ದಾನೆ ಎಂದುಕೊಂಡು ಅವಳು ಸುಮ್ಮನಾದಳು. ಮಾದರಿ ಮೂರೂಕಾಲಿಗೆ ಏರಿ ನಿಂತಿತು. ನಾಲ್ಕು ದಾಟಿದರಷ್ಟೇ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುವುದು. ಅದು ಹೋಗಲಿಲ್ಲ.

ನಾಲ್ಕರ ಸುಮಾರಿಗೆ, ಕೆಳಗಿನೂರಿನ ಹನಮಂತಪ್ಪ ಹಳ್ಳ ದಾಟುವಾಗ ಎತ್ತಿನ ಚಕ್ಕಡಿ ಸಮೇತ ಕೊಚ್ಚಿಹೋದ. ಮೂರನೆಯ ದಿನ ಹೆಣ ಸಿಕ್ಕಿತು.

ವಾರದ ಮೇಲೆ ರೋಹಿಣಿ ಯರಗುಪ್ಪಿಗೆ ಬಂದಾಗ ಶರೀಫಸಾಬರು ಕಟ್ಟೆಯಿಂದ ಎದ್ದು ನಿಂತರು.

"ನಾ ಕಳಿಸಿದ್ದು ತಪ್ಪಿತ್ತೇನ್ರಿ ಬಾಯಾರ? ಎಂಟ ದಿನಾತು, ಕಣ್ಣಿಗೆ ನಿದ್ದಿ ಇಲ್ಲ."

"ಇಲ್ಲ ಕಾಕಾ. ನಿಮ್ಮ ಅಳತಿ ಖರೇನ ಇತ್ತು. ನಾನ ನಂಬಲಿಲ್ಲ."

ಅದೇ ಅಂಕಿಗೆ ಪೂರ್ತಿ ತೂಕ ಕೊಟ್ಟು ಮತ್ತೆ ಲೆಕ್ಕ ಹಾಕಿ ನೋಡಿದ್ದಳು. ಮೂರು ಗಂಟೆ ಐದು ನಿಮಿಷಕ್ಕೆ ಎಚ್ಚರಿಕೆ ಹೋಗುತ್ತಿತ್ತು. ಅದನ್ನೂ ಹೇಳಿದಳು.



"ಒಂದ ಫೋನ್ ಮಾಡಿ ಕೇಳಬೇಕಿತ್ತಲ್ರಿ. ನಾ ನೀರಿನ ಬಾಜೂಕ ನಿಂತಿದ್ದೆ." ಮುದುಕ ಚಪ್ಪಲಿ ಮೆಟ್ಟಿದರು. "ನಡ್ರಿ, ಹನಮಂತಪ್ಪನ ಮನಿಗೆ ಹೋಗೂಣು. ಅವ್ರಿಗೂ ಇದನ್ನ ಹೇಳ್ರಿ."

ಹನಮಂತಪ್ಪನ ಹೆಂಡತಿ ಮಹಾದೇವಕ್ಕ ಹೊಸ್ತಿಲಲ್ಲಿ ನಿಂತೇ ಎಲ್ಲ ಕೇಳಿದಳು. ಮಾದರಿ, ತೂಕ ಯಾವುದೂ ಅವಳಿಗೆ ಬೇಕಿರಲಿಲ್ಲ.

"ನೀರ ಏರೇತಿ ಅಂತ ಮೂರಕ್ಕ ನಿಮಗ ತಿಳಿಸಿದ್ರು, ಹೌದಲ್ಲ?"

"ಹೌದ್ರಿ."

ಮಹಾದೇವಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.  ಇಬ್ಬರೂ ಎರೆಮಣ್ಣಿನ ಕೆಸರು ತುಳಿಯುತ್ತ ತಿರುಗಿ ಬಂದರು.