ಸುಮಿಯೆ ಸಾಕಿದ ತಿಗಣೆಗಳು

ಆಕಿ ಎಂಬ ಊರಿನ ಬದನೆ ಬೆಳೆಗಾರರಲ್ಲಿ ತಮೋತ್ಸುವಿನಷ್ಟು ಅಚ್ಚುಕಟ್ಟಾಗಿ ಔಷಧಿ ಹೊಡೆಯುವವರು ಇನ್ನೊಬ್ಬರಿರಲಿಲ್ಲ. ಆದರೂ ಎಂಟು ವರ್ಷದಿಂದ ಅವನ ಪಾಲಿಹೌಸಿನಲ್ಲಿ ನಡೆಯುತ್ತಿದ್ದುದು ಹೆಂಡತಿ ಸುಮಿಯೆಯ ಮಾತು. ಕಾಯಿಯ ಸಿಪ್ಪೆ ಕೆರೆದು ಕಲೆ ಮಾಡುವ ನುಸಿಗಳನ್ನು ತಿನ್ನಲೆಂದು ಅವಳು ಹಸಿರು ತಿಗಣೆಗಳನ್ನು ಸಾಕಿದ್ದಳು. ಮನುಷ್ಯರ ರಕ್ತ ಹೀರುವ ಜಾತಿಯಲ್ಲ, ಎಲೆಯಡಿ ಓಡಾಡಿಕೊಂಡಿರುವ ಪುಟ್ಟ ಜೀವಗಳು. ಬೇಸಿಗೆಯಲ್ಲಿ ಅವು ನೆಲೆಸಿ ಹೆಚ್ಚಲೆಂದೇ ಎಳ್ಳು ಬಿತ್ತುವಳು. ಬದನೆ ನೆಟ್ಟ ಮೇಲೆ ಎಳ್ಳಿನ ಗಿಡಗಳಿಂದ ಅವನ್ನು ಕೊಳವೆಯಲ್ಲಿ ಹೀರಿ, ಶೀಸೆಗೆ ತುಂಬಿ ತಂದು ಸಾಲುಗಳಲ್ಲಿ ಬಿಡುವಳು. ಈ ಮನೆಯಲ್ಲಿ ನನಗಿಂತ ಅವಕ್ಕೇ ಊಟ ಮೊದಲು ಎಂದು ತಮೋತ್ಸು ಹಂಗಿಸುತ್ತಿದ್ದ.

ಜನವರಿಯಲ್ಲಿ ಸುಮಿಯೆ ಆಸ್ಪತ್ರೆ ಸೇರಿದಳು. ಇನ್ನು ಕೆಲವೇ ವಾರ ಎಂದರು ವೈದ್ಯರು. ಅದೇ ಹೊತ್ತಿಗೆ ತೋಟದಲ್ಲಿ ನುಸಿ ಎದ್ದಿತು. ವಿಷಯ ತಿಳಿಸಿದಾಗ ಅವಳು ದಿಂಬಿನಿಂದ ತಲೆ ಎತ್ತದೆಯೇ ಹೇಳಿದಳು.

"ಚಳಿಗೆ ತಿಗಣೆ ಮಂಕಾಗಿರ್ತಾವೆ ಕಣ್ರೀ. ಹತ್ತು ದಿನ ಸುಮ್ನಿರಿ. ತೀರಾ ಆಗ್ಲಿಲ್ಲ ಅಂದ್ರೆ, ಅವಕ್ಕೆ ತಾಗದ ಆ ಮೆದು ಔಷಧಿ ಇದ್ಯಲ್ಲ, ನುಸಿ ಇರೋ ಸಾಲಿಗೆ ಮಾತ್ರ ಅದನ್ನ ಹೊಡೀರಿ."

ಆರು ದಿನ ತಡೆದ. ಏಳನೆಯ ದಿನ ಆಸ್ಪತ್ರೆಗೆ ಹೋದರೆ, ಅವಳು ಅವನ ಗುರುತು ಹಿಡಿಯಲು ತಡಮಾಡಿದಳು. ತೋಟಕ್ಕೆ ಬಂದು ಕಲೆ ಬಿದ್ದ ಕಾಯಿಗಳನ್ನು ನೋಡಿದಾಗ, ಈ ನುಸಿಯನ್ನಾದರೂ ತನ್ನ ಕೈಯಾರೆ ತಡೆದು ನಿಲ್ಲಿಸಬೇಕು ಅನ್ನಿಸಿತು. ಹಳೆಯ ಕಟು ಔಷಧಿಯನ್ನೇ ಕಲಸಿ ಮೂಲೆಮೂಲೆಗೂ ಹೊಡೆದ. ನುಸಿಗೆ ಅದು ಎಂದೋ ಒಗ್ಗಿಹೋಗಿತ್ತು, ಅರ್ಧಕ್ಕರ್ಧ ಉಳಿದವು. ತಿಗಣೆ ಒಂದೂ ಉಳಿಯಲಿಲ್ಲ.

"ತಿಗಣೆ ಹೇಗಿದಾವೆ?" ಮರುದಿನ ಅವಳು ಕೇಳಿದಳು.

"ಚೆನ್ನಾಗಿದಾವೆ. ಓಡಾಡ್ಕೊಂಡಿದಾವೆ."

"ಪಕ್ಕದ ತೋಟದ ಯಾಸುಯೊಗೆ ಒಂದಿಷ್ಟು ಕೊಡ್ತೀನಿ ಅಂದಿದ್ದೆ. ಮರೀಬೇಡಿ."

ಒಂಬತ್ತು ದಿನದಲ್ಲಿ ಸುಮಿಯೆ ತೀರಿಕೊಂಡಳು.

ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ಮರುದಿನ, ಯಾಸುಯೊ ಶೀಸೆ, ಕೊಳವೆ ಹಿಡಿದು ಬಂದಳು. ಸುಮಿಯೆಯ ಫೋಟೋದ ಮುಂದೆ ಧೂಪ ಹಚ್ಚಿ ಕೈಮುಗಿದು, ಅಕ್ಕ ಕೊಡ್ತೀನಿ ಅಂದಿದ್ರು ಎಂದಳು. ಚಳಿಗೆ ಸತ್ತವು ಎಂದಿದ್ದರೆ ನಂಬುತ್ತಿದ್ದಳು.

"ಒಂದೂ ಇಲ್ಲಮ್ಮ. ಔಷಧಿ ಹೊಡ್ದು ನಾನೇ ಕೊಂದೆ," ಎಂದ ತಮೋತ್ಸು. "ಅವಳು ಇದ್ದಾಗ್ಲೇ. ಚೆನ್ನಾಗಿದಾವೆ ಅಂತ ಸುಳ್ಳು ಹೇಳ್ದೆ."

ಯಾಸುಯೊ ತಂದಿದ್ದ ಶೀಸೆ, ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಅಕ್ಕ ಎಂಟು ವರ್ಷ ಸಾಕಿದ್ರಲ್ಲ ಭಾವ," ಎಂದಷ್ಟೇ ಹೇಳಿ ಎದ್ದು ಹೋದಳು.

ಏಪ್ರಿಲ್‌ನಲ್ಲಿ ಬೆಳೆಗಾರರ ಸಭೆಯಾಯಿತು. ಹೆಂಡತಿಯ ಕೆಲಸವನ್ನು ಮುಂದುವರಿಸಿದ್ದಾನೆಂದು ಹಿರಿಯರೊಬ್ಬರು ತಮೋತ್ಸುವನ್ನು ಹೊಗಳತೊಡಗಿದರು. ಯಾಸುಯೊ ಯಾರಿಗೂ ಹೇಳಿಲ್ಲವೆಂದು ಅವನಿಗೆ ಆಗ ತಿಳಿಯಿತು. ಎದ್ದು ನಿಂತು ನಡೆದದ್ದನ್ನೆಲ್ಲ ತಾನೇ ಹೇಳಿದ. ಯಾರೂ ಬೈಯಲಿಲ್ಲ. ಯಾರೋ ಅವನ ಮುಂದಿದ್ದ ಲೋಟಕ್ಕೆ ಚಹಾ ಬಗ್ಗಿಸಿದರು.

ಮನೆಗೆ ಬಂದು ಫೋಟೋದ ಮುಂದೆ ಕುಳಿತ. ಊರಿಗೆಲ್ಲ ಹೇಳಿದ ಆ ಮಾತು ಅಲ್ಲಿ ಬಾಯಿಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.